ಗಂಗವ್ವನ ಮುಯ್ಯಿ

ಹುಳಿ ಬಂದ ಗಂಜಿಯ ವಾಸನೆ ಬಹಳ ದೂರ ಹೋಗುವಂಥದ್ದಲ್ಲ. ಓಣಿಯ ಒಂದು ತಿರುವಿನಲ್ಲಿ ಸಿಗುತ್ತದೆ, ಮುಂದಿನ ತಿರುವಿಗೆ ಬಿಟ್ಟುಹೋಗುತ್ತದೆ. ಕಳೆದ ತಿಂಗಳು ಹುಬ್ಬಳ್ಳಿಯಿಂದ ನಂಟರ ಮದುವೆಗೆಂದು ಗದಗಿಗೆ ಹೋಗಿದ್ದೆ. ಬೆಳಿಗ್ಗೆ ಹೆಂಗಸರೆಲ್ಲ ಸೀರೆ ಆರಿಸಲು ಬೆಟಗೇರಿಗೆ ಹೊರಟವರು, ನೇಕಾರರ ಮನೆಯಲ್ಲೇ ಕೊಂಡರೆ ಒಳ್ಳೆಯದು ಸಿಗುತ್ತದೆಂದು ನನ್ನನ್ನೂ ಕರೆದರು. ನಾನು ಆ ಊರಿನಲ್ಲಿ ಕೆಲಸಕ್ಕಿದ್ದವಳೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಟಾಂಗಾ ಇಳಿದು ಓಣಿಗೆ ತಿರುಗುತ್ತಲೇ ಆ ವಾಸನೆ ಬಂತು. ನೀವು ನಡೆಯಿರಿ, ಬರುತ್ತೇನೆ ಎಂದು ಅವರನ್ನು ಮುಂದೆ ಕಳಿಸಿ ಒಂದು ಕಟ್ಟೆಯ ಪಕ್ಕಕ್ಕೆ ನಿಂತೆ.

ಏಕೀಕರಣದ ವರ್ಷ ನಾನು ಬೆಟಗೇರಿಯಲ್ಲಿದ್ದೆ. ಅರಳೆ ವ್ಯಾಪಾರಸ್ಥರು ಕೂಡಿ ನಡೆಸುತ್ತಿದ್ದ ಸಣ್ಣದೊಂದು ಧರ್ಮಾಸ್ಪತ್ರೆ. ಧಾರವಾಡದಲ್ಲಿ ಬಿ.ಎ. ಮುಗಿಸಿ, ಮುಂಬಯಿಗೆ ಹೋಗಿ ಔದ್ಯೋಗಿಕ ಚಿಕಿತ್ಸೆ ಎಂಬ ಹೊಸ ವಿದ್ಯೆಯೊಂದನ್ನು ಕಲಿತು ಬಂದಿದ್ದೆ. ಗಾಯ ಮಾಯ್ದ ಮೇಲೂ ಕೈ ಮೊದಲಿನಂತಾಗದೆ ಉಳಿದವರಿಗೆ, ಅಥವಾ ಕೈ ಸರಿ ಇದ್ದೂ ಮನಸ್ಸು ಏಳದವರಿಗೆ, ಕೆಲಸವನ್ನೇ ಔಷಧವೆಂದು ಕೊಡುವ ವಿದ್ಯೆ ಅದು. ಈ ಮಾತನ್ನು ಎಷ್ಟು ಜನಕ್ಕೆ ಎಷ್ಟು ಸಲ ವಿವರಿಸಿದೆನೋ. ಆಸ್ಪತ್ರೆಯ ಡಾಕ್ಟರರು ನನ್ನನ್ನು ಬಂದವರಿಗೆ ಪರಿಚಯಿಸುವಾಗ "ಇವರು ರೋಗಿಗಳಿಗೆ ಹೊತ್ತು ಹೋಗುವಂತೆ ನೋಡಿಕೊಳ್ಳುತ್ತಾರೆ" ಎನ್ನುತ್ತಿದ್ದರು. ರೋಗಿಗಳು "ಕೆಲಸಾ ಹಚ್ಚೂ ಅಕ್ಕಾರು" ಎನ್ನುತ್ತಿದ್ದರು. ಎರಡರಲ್ಲಿ ರೋಗಿಗಳ ಮಾತೇ ನಿಜಕ್ಕೆ ಹತ್ತಿರವಿತ್ತು.

ನಮಗೆ ಕಲಿಸಿದವರು ಗುಂಪಿನ ಬಗ್ಗೆ ಬಹಳ ಹೇಳುತ್ತಿದ್ದರು. ಒಬ್ಬಳೇ ಕೂತು ಮಾಡುವ ಕೆಲಸ ಕೈಯನ್ನು ಮಾತ್ರ ತಿದ್ದುತ್ತದೆ. ನಾಲ್ಕು ಜನರ ನಡುವೆ ಮಾಡಿದ ಕೆಲಸ ಮನುಷ್ಯರನ್ನೇ ತಿದ್ದುತ್ತದೆ. ಮೊದಲು ಒಬ್ಬೊಬ್ಬರಿಗೂ ಅವರವರ ಕೆಲಸ ಕೊಟ್ಟು ಪಕ್ಕಪಕ್ಕ ಕೂರಿಸಬೇಕು. ಆಮೇಲೆ ಇಬ್ಬರಿಗೆ ಒಂದು ಕೆಲಸ. ಕೊನೆಗೆ ಎಲ್ಲರ ಕೈಯೂ ಒಟ್ಟಿಗೆ ಸೇರದೆ ಆಗದೇ ಇರುವ ಕೆಲಸ. ಆಗ ಚಿಕಿತ್ಸೆ ಕೊಡುವವಳು ಹಿಂದೆ ಸರಿದು ನಿಲ್ಲಬೇಕು. ಗುಂಪು ತನ್ನ ಕಟ್ಟಳೆಯನ್ನು ತಾನೇ ಮಾಡಿಕೊಳ್ಳುತ್ತದೆ, ಆ ಕಟ್ಟಳೆಗೆ ನಿಲ್ಲುವುದನ್ನು ಕಲಿತವಳು ಹೊರಗಿನ ಬದುಕಿಗೂ ನಿಲ್ಲುತ್ತಾಳೆ. ಇದನ್ನೆಲ್ಲ ನಾನು ನಂಬಿದ್ದೆ. ಈಗಲೂ ತಪ್ಪೆಂದು ಹೇಳಲಾರೆ. ಅದೇ ಕಷ್ಟ.

ಮುಂಬಯಿಯಿಂದ ಬೆತ್ತ ತರಿಸಿ ಬುಟ್ಟಿ ಹೆಣೆಸಲು ಶುರುಮಾಡಿದೆ. ಹೆಂಗಸರ ವರಾಂಡದಲ್ಲಿ ಆಗ ಬೇರೆ ಬೇರೆ ಊರಿನ ಆರೇಳು ಜನ ಇದ್ದರು. ಅವರಲ್ಲಿ ಮೊದಲು ಬಾಯಿ ಬಿಟ್ಟವಳು ಲಕ್ಷ್ಮೇಶ್ವರದ ಹುಸೇನಬಿ. ಒಲೆಯ ಬೆಂಕಿಯಲ್ಲಿ ಸುಟ್ಟು ಎಡಗೈ ಮೊಣಕೈಯಲ್ಲಿ ಮುದುಡಿಕೊಂಡಿತ್ತು. ನಾಲಿಗೆಗೆ ಏನೂ ಆಗಿರಲಿಲ್ಲ.

"ಅಕ್ಕಾರ, ಈ ಬುಟ್ಟ್ಯಾಗ ಏನ್ ಇಡೂದ್ರಿ?" ಎಂದಳು. "ಮನ್ಯಾಗ ಇಡಾಕ ಏನಾರ ಇದ್ರ ಬುಟ್ಟಿ ನಾವ ತರತಿದ್ವಿ."

ಎಲ್ಲರೂ ನಕ್ಕರು. ನಗದವಳು ಒಬ್ಬಳೇ. ಅವಳೇ ಅಂಬವ್ವ.

ಬೆಟಗೇರಿಯ ನೇಕಾರರ ಮನೆಯ ಸೊಸೆ. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಬಚ್ಚಲ ಹತ್ತಿರ ಕೊಡದೊಂದಿಗೆ ಜಾರಿ ಬಿದ್ದು, ಒಡೆದ ಬಳೆಯ ಚೂರು ಬಲ ಮಣಿಕಟ್ಟಿನಲ್ಲಿ ಆಳವಾಗಿ ಹೋಗಿತ್ತು. ಮನೆಯಲ್ಲಿ ಅರಿಸಿನ ಹಚ್ಚಿ ಕಟ್ಟಿದ್ದರು. ಕೀವಾಗಿ, ಜ್ವರ ಬಂದು, ಆಸ್ಪತ್ರೆಗೆ ತರುವ ಹೊತ್ತಿಗೆ ನಡುವಿನ ನರ ಕೆಟ್ಟಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಸ್ಪರ್ಶವಿಲ್ಲ, ಹಿಡಿತವಿಲ್ಲ. ನೇಕಾರರ ಮನೆಯಲ್ಲಿ ಹೆಂಗಸಿನ ಕೆಲಸವೆಲ್ಲ ಆ ಮೂರು ಬೆರಳಿನದು. ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು, ಹರಿದ ಎಳೆ ಕೂಡಿಸುವುದು, ಮಗ್ಗಕ್ಕೆ ಉದ್ದಕ್ಕೆ ಹೂಡುವ ಹೊಸ ಹಾಸಿನ ಒಂದೊಂದು ನೂಲನ್ನೂ ಹಳೆಯದರ ತುದಿಗೆ ಹೊಸೆಯುವುದು. ಮಗ್ಗದ ಕುಣಿಯಲ್ಲಿ ಕೂತು ನೇಯುವವನು ಗಂಡನಾದರೂ ಮಗ್ಗಕ್ಕೆ ಅನ್ನ ಹಾಕುವವಳು ಹೆಂಡತಿ.

ಅವಳಿಗೆ ನಾಲ್ಕು ವರ್ಷದ ಮಗಳು, ಪಾರೂ. ವಾರಕ್ಕೊಮ್ಮೆ ಅತ್ತೆ ನಾಗವ್ವ ಆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದಳು. ಗಂಡ ಒಮ್ಮೆ ಬಂದಿದ್ದ. ಗೇಟಿನ ಹೊರಗೆ ನಿಂತು ಹೋದ. ನಾಗವ್ವ ಗಡುಸು ಹೆಂಗಸು, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿರಲಿಲ್ಲ. ಮೊದಲ ಸಲವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಅಕ್ಕಾರ, ಕೈ ಬಂದ್ರ ಕರಕೊಂಡ ಹೋಗ್ತೀನಿ. ದೀಪಾವಳಿ ತನಕ ನೋಡ್ತೀನಿ. ಬರಲಿಲ್ಲಂದ್ರ ಮನಿಗೆ ಒಂದು ಕೈ ಬೇಕಲ್ರಿ, ಬ್ಯಾರೆ ತರ್ತೀನಿ." ಬೇರೆ ಎಂದರೆ ಬೇರೆ ಸೊಸೆ. ಅಂಬವ್ವ ಆ ಕಡೆ ಮಂಚದ ಮೇಲೆ ಕೂತಿದ್ದಳು, ಮಗು ಅವಳ ಬಳೆ ಇಲ್ಲದ ಕೈಯನ್ನು ತಿರುವಿ ತಿರುವಿ ನೋಡುತ್ತಿತ್ತು. ಕೇಳಿಸಿತೆಂದು ಮುಖದಲ್ಲಿ ಗೊತ್ತಾಗಲಿಲ್ಲ. ಅವಳು ಆಸ್ಪತ್ರೆಗೆ ಬಂದಾಗಿನಿಂದ ಹೂಂ, ಊಹೂಂ ಬಿಟ್ಟು ಬೇರೆ ಮಾತಾಡಿರಲಿಲ್ಲ.

ಆ ಬೆತ್ತವನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ರೋಗಿಗೆ ಕೊಡುವ ಕೆಲಸ ಅವಳ ಬದುಕಿನ ಒಳಗಿನಿಂದಲೇ ಬರಬೇಕೆಂಬುದೂ ನಮಗೆ ಕಲಿಸಿದ ಮಾತೇ. ರಾಟಿಗಳನ್ನು ತರಿಸಿದೆ, ನೂಲು ತರಿಸಿದೆ. ಆಷಾಢ ಬಂತು. ಗದಗಿನ ಆಷಾಢದಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಪಡುವಣದಿಂದ ಹಗಲಿಡೀ ಬೀಸಿ ಬಾಗಿಲು, ಕಿಟಕಿ, ತಲೆಯ ಸೆರಗು ಯಾವುದನ್ನೂ ನಿಲ್ಲಗೊಡುವುದಿಲ್ಲ. ವರಾಂಡಕ್ಕೆ ಗೋಣಿ ತಟ್ಟು ಕಟ್ಟಿ ಒಳಗೆ ಸಾಲಾಗಿ ಕೂರಿಸಿದೆ. ಅಂಬವ್ವನ ಪಕ್ಕಕ್ಕೆ ಗಂಗವ್ವನನ್ನು ಕೂರಿಸಿದ್ದು ನಾನೇ.

ಗಂಗವ್ವ ಮಲ್ಲಸಮುದ್ರದವಳು. ಗದಗಿನಲ್ಲಿ ಅರಳೆಯ ಬೀಜ ಬಿಡಿಸುವ ಜಿನ್ನಿನಲ್ಲಿ ದುಡಿಯುತ್ತಿದ್ದಳು. ಉರುಳೆಗೆ ಸಿಕ್ಕಿ ಬಲಗೈಯ ಎರಡು ಬೆರಳು ಹೋಗಿ ಉಳಿದವು ಕಟ್ಟಿಗೆಯಾಗಿದ್ದವು. ನಾಲ್ಕು ಮಕ್ಕಳ ತಾಯಿ, ದೊಡ್ಡ ಮಗಳಿಗೆ ಗಂಡು ಗೊತ್ತಾಗಿತ್ತು. ಅವಳು ಊರ ಹೊರಗಿನ ಕೇರಿಯವಳು ಎಂದು ನನಗೆ ಗೊತ್ತಿತ್ತು, ವರಾಂಡದ ಕೆಲವರಿಗೂ ಗೊತ್ತಿತ್ತು. ಅಸ್ಪೃಶ್ಯತೆ ಕೂಡದೆಂಬ ಕಾಯ್ದೆ ಬಂದಿದ್ದರಿಂದ ಎಲ್ಲರಿಗೂ ಒಂದೇ ವರಾಂಡ ಇತ್ತು. ನೀರಿನ ಗಡಿಗೆಗಳು ಮಾತ್ರ ಎರಡು ಇದ್ದವು. ಯಾರು ಯಾವ ಗಡಿಗೆಯದನ್ನು ಕುಡಿಯಬೇಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಂಬವ್ವನ ಕೈಯನ್ನು ನಾನು ಬಹಳ ದಿನ ಪರೀಕ್ಷಿಸಿದೆ. ಕಣ್ಣು ಮುಚ್ಚಿಸಿ ನೂಲಿನ ತುದಿಯಿಂದ ಒಂದೊಂದೇ ಬೆರಳು ಮುಟ್ಟಿ, ಗೊತ್ತಾಯಿತೇ ಎಂದು ಕೇಳುವುದು. ಕಿರುಬೆರಳಿನಲ್ಲಿ ಸ್ಪರ್ಶ ಪೂರ್ತಿ ಇತ್ತು, ಉಂಗುರದ ಬೆರಳಿನಲ್ಲಿ ಅದರ ಕಡೆಯ ಮಗ್ಗುಲಲ್ಲಿ ಇತ್ತು. ಅಷ್ಟು ಸಾಕು ಎನ್ನಿಸಿತು. ಎಳೆಯನ್ನು ಆ ಎರಡು ಬೆರಳುಗಳ ನಡುವೆ ಸಿಕ್ಕಿಸಿ ಹಿಡಿದು, ಎಡಗೈಯಿಂದ ಹೊಸೆಯುವುದನ್ನು ನಾನು ಮೊದಲು ನನ್ನ ಕೈಯಲ್ಲೇ ಮಾಡಿ ಮಾಡಿ ನೋಡಿದೆ, ಆಮೇಲೆ ಅವಳಿಗೆ ತೋರಿಸಿದೆ. ಸರಿ ಇರುವ ಕೈಗೆ ಅದು ಎಡವಟ್ಟು. ಯಾರೂ ಹಾಗೆ ಹಿಡಿಯುವುದಿಲ್ಲ. ಮೊದಮೊದಲು ನೂಲು ಬಿದ್ದುಬಿದ್ದು ಹೋಗುತ್ತಿತ್ತು, ಅವಳು ರಾಟಿ ತಳ್ಳಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ನಾನು ಏನು ಹೇಳಿದರೂ ತಿರುಗುತ್ತಿರಲಿಲ್ಲ. ಒಂದು ದಿನ ಗಂಗವ್ವ ತನ್ನ ಅರ್ಧ ಕೈಯನ್ನು ಅವಳ ಕಣ್ಣ ಮುಂದೆ ಹಿಡಿದು, "ನೋಡವಾ, ನನಗ ಮೂರು ಉಳದಾವು, ನಿನಗ ಎರಡು. ಇಬ್ಬರದೂ ಕೂಡಿಸಿದ್ರ ಒಂದು ಕೈ ಆತು. ನೀ ಹಿಡಿ, ನಾ ಸುತ್ತತೀನಿ" ಎಂದಳು.

ಅಂಬವ್ವ ಆ ಕೈಯನ್ನು ಬಹಳ ಹೊತ್ತು ನೋಡಿದಳು. "ನೋಯ್ತೈತೇನ ಗಂಗಕ್ಕಾ?" ಎಂದು ಕೇಳಿದಳು. ನಾನು ಕೇಳಿದ ಅವಳ ಮೊದಲ ಪೂರ್ಣ ಮಾತು ಅದು.

ಇಬ್ಬರಿಗೆ ಒಂದು ಕೆಲಸ ಎಂಬ ಎರಡನೆಯ ಮೆಟ್ಟಿಲಿಗೆ ಅವರು ನನ್ನನ್ನು ಕೇಳದೆ ಹತ್ತಿದ್ದರು. ಶ್ರಾವಣದ ಹೊತ್ತಿಗೆ ಒಬ್ಬಳು ಹಿಡಿದು ಒಬ್ಬಳು ಸುತ್ತಿದ ಕಂಡಿಕೆಗಳು ಬುಟ್ಟಿ ತುಂಬ ಆದವು. ಅಷ್ಟಕ್ಕಾದರೂ ನನ್ನ ಬುಟ್ಟಿ ಉಪಯೋಗಕ್ಕೆ ಬಂತೆಂದು ಹುಸೇನಬಿ ನನ್ನನ್ನು ಕೆಣಕಿದಳು. ಜಡಿಮಳೆ ಹಿಡಿದ ದಿನಗಳಲ್ಲಿ ಕೆಲಸ ಮಾಡುತ್ತಲೇ ಅವರವರ ಮನೆಯ ಸುದ್ದಿ ಬರುತ್ತಿತ್ತು. ಗಂಗವ್ವನ ಮಗಳ ಲಗ್ನಕ್ಕೆ ಯಾರು ರೊಟ್ಟಿ ಬಡಿಯಬೇಕು ಎಂಬುದರ ಚರ್ಚೆ ದಿನಗಟ್ಟಲೆ ನಡೆಯಿತು. ನಮ್ಮ ಕಡೆ ಲಗ್ನದ ಮನೆಯ ರೊಟ್ಟಿ ಮುಯ್ಯಿಯಿಂದಲೇ ಆಗಬೇಕು. ನಿಮ್ಮ ಮನೆಯ ಕೆಲಸಕ್ಕೆ ನಾನು ಬಂದಿದ್ದೆ, ನಮ್ಮ ಮನೆಯದಕ್ಕೆ ನೀವು ಬರಬೇಕು. ಗಂಗವ್ವ ಕೈ ಕೆಟ್ಟ ಮೇಲೆ ಯಾರ ಮನೆಗೂ ಹೋಗಿ ಬಡಿದಿರಲಿಲ್ಲ. ಈಗ ತನ್ನ ಮನೆಗೆ ಯಾರು ಬರುತ್ತಾರೆ ಎಂಬುದು ಅವಳ ಚಿಂತೆ. ಅಂಬವ್ವ ಈ ಮಾತನ್ನೆಲ್ಲ ತಲೆ ತಗ್ಗಿಸಿ ಕೇಳುತ್ತಿದ್ದಳು.

ಮೂರನೆಯ ಮೆಟ್ಟಿಲಿಗೆ ಏನು ಕೊಡಬೇಕೆಂದು ಯೋಚಿಸುವ ಅಗತ್ಯವೇ ನನಗೆ ಬೀಳಲಿಲ್ಲ. ಬೆಟಗೇರಿಯ ಯಾವ ಓಣಿಯಲ್ಲಾದರೂ ಬೆಳಿಗ್ಗೆ ಅದು ಕಾಣುತ್ತಿತ್ತು. ಓಣಿಯ ಉದ್ದಕ್ಕೂ ಹಾಸನ್ನು ಬಿಗಿದು ಕಟ್ಟಿ, ಎರಡೂ ಮಗ್ಗುಲಿಗೆ ಜೋಡಿ ಜೋಡಿಯಾಗಿ ಎದುರುಬದುರು ನಿಂತು ಗಂಜಿ ಹಚ್ಚುವುದು. ಗಂಜಿ ಒಣಗುವುದರೊಳಗೆ ಕುಂಚ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಹೋಗಬೇಕು. ಹರಿದ ಎಳೆಯನ್ನು ನಿಂತಲ್ಲೇ ಕೂಡಿಸಬೇಕು. ಒಬ್ಬರು ತಡೆದರೆ ನೂಲು ಅಂಟಿ ಹಾಸು ಪೂರ್ತಿ ಕೆಡುತ್ತದೆ. ಯಾವ ಮನೆಗೂ ಅಷ್ಟು ಕೈ ಇರುವುದಿಲ್ಲ. ಹಾಗಾಗಿ ಓಣಿಯೇ ಬರುತ್ತದೆ, ಮುಯ್ಯಿಗೆ. ನಮ್ಮ ಮುಂಬಯಿಯ ಗುರುಗಳು ಇದನ್ನು ನೋಡಿದ್ದರೆ ಪಾಠ ನಿಲ್ಲಿಸಿ ಇಲ್ಲಿಗೇ ಕರೆತರುತ್ತಿದ್ದರು ಎಂದುಕೊಂಡಿದ್ದೆ.

ನಾಗವ್ವನನ್ನು ಕೇಳಿದೆ: ಒಂದು ಹಾಸು ಕೊಡಿ, ಆಸ್ಪತ್ರೆಯ ಅಂಗಳದಲ್ಲಿ ಅಂಬವ್ವನೂ ಅವಳ ಜೊತೆಯವರೂ ಗಂಜಿ ಹಚ್ಚುತ್ತಾರೆ, ನೀವೇ ಬಂದು ನೋಡಿರಿ. ಕೈ ಕೆಟ್ಟವರ ಕೈಯಲ್ಲಿ ನೂಲು ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ಮಹಾನವಮಿಗೆ ಓಣಿಯಲ್ಲಿ ಎಲ್ಲರ ಹಾಸೂ ಒಟ್ಟಿಗೆ ಬಂದು ಅವಳ ಪಾಳಿ ಹಿಂದೆ ಬಿದ್ದಿತ್ತು. ಹಾಸು ಕೆಟ್ಟರೆ ಸೊಸೆಯನ್ನು ಇಲ್ಲೇ ಬಿಡುತ್ತೇನೆ, ಕೂಡಿದರೆ ಅದೇ ದಿನ ಕರೆದುಕೊಂಡು ಹೋಗುತ್ತೇನೆ ಎಂದಳು. ಅಂಬವ್ವನ ಎದುರಿಗೇ ಹೇಳಿದಳು.

ಮಳೆ ಹಿಂದೆಗೆದು ಬಿಸಿಲು ಬಿದ್ದ ಒಂದು ಬೆಳಿಗ್ಗೆ ಎರಡು ಬೇವಿನ ಮರಗಳ ನಡುವೆ ಹಾಸು ಕಟ್ಟಿದೆವು. ಜೋಳದ ಹಿಟ್ಟಿನ ಗಂಜಿ ಹಿಂದಿನ ದಿನವೇ ಕುದಿಸಿ ಹುಳಿಗೆ ಇಟ್ಟದ್ದು. ನಾಗವ್ವ ಓಣಿಯ ಇಬ್ಬರು ಹೆಂಗಸರನ್ನು ಜೊತೆಗೆ ಕರೆತಂದಿದ್ದಳು, ಹಾಸು ಹೊತ್ತುಕೊಂಡು ಹೋಗಲು. ಪಾರೂ ಬೇವಿನ ನೆರಳಿನಲ್ಲಿ ಕೂತಿತ್ತು. ಆಗ ಅದಕ್ಕೆ ಎಳೆ ಹಿಡಿಯುವ ವಯಸ್ಸೂ ಅಲ್ಲ. ಕೆಲಸ ಶುರುವಾದ ಮೇಲೆ ಗಂಗವ್ವನ ಎದುರಿಗೆ ಜೋಡಿ ಸಾಲದೆ ಬಂತು. ನಾಗವ್ವ ಸ್ವಲ್ಪ ಹೊತ್ತು ಕೂತಲ್ಲೇ ತಾಳಿದಳು, ಆಮೇಲೆ "ಏ, ಅಲ್ಲಿ ಒಣಗಾಕತ್ತೈತಿ" ಎನ್ನುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ಬಂದು ಆ ಜಾಗಕ್ಕೆ ತಾನೇ ನಿಂತಳು. ಒಂದೇ ಗಂಜಿ ಗಡಿಗೆಯಲ್ಲಿ ಇಬ್ಬರೂ ಕೈ ಅದ್ದಿದರು. ನಾನು ಹಿಂದೆ ಸರಿದು ಗೋಡೆಗೆ ಒರಗಿ ನಿಂತೆ. ಯಾರೂ ನನ್ನ ಕಡೆ ನೋಡಲಿಲ್ಲ, ಅದಕ್ಕೇ ಸಂತೋಷವಾಗಿತ್ತು. ಅಂಬವ್ವ ಹಾಸಿನ ಉದ್ದಕ್ಕೂ ನಡೆಯುತ್ತ ಹರಿದ ಎಳೆಗಳನ್ನು ಆ ತನ್ನ ಎರಡು ಬೆರಳುಗಳಲ್ಲಿ ಸಿಕ್ಕಿಸಿ ಹೊಸೆದು ಹೊಸೆದು ಬಿಡುತ್ತಿದ್ದಳು. ಓಣಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ನಾಗವ್ವ ಗಂಗವ್ವನಿಗೆ, "ಕೈ ಅರ್ಧ ಇದ್ರೂ ಕೆಲಸ ಪೂರಾ ಐತಿ ನಿಂದು" ಎಂದಳು.

ಹಾಸು ಕೆಡಲಿಲ್ಲ. ಬಿಸಿಲಿಗೆ ಬಿರುಸಾಗಿ, ಒಂದೊಂದು ಎಳೆಯೂ ಬಿಡಿಬಿಡಿಯಾಗಿ ನಿಂತಿತು. ಮುಯ್ಯಿಗೆ ಬಂದವರಿಗೆ ಹಾಸಿನ ಮನೆಯವರು ಉಣ್ಣಲು ಕೊಡಬೇಕು. ನಾಗವ್ವ ಗಂಟು ಬಿಚ್ಚಿ ರೊಟ್ಟಿ, ಶೇಂಗಾದ ಚಟ್ನಿ ಎಲ್ಲರ ಕೈಗೂ ತಾನೇ ಹಾಕಿದಳು. ಗಂಗವ್ವನಿಗೂ ಹಾಕಿದಳು. "ಅಂಬವ್ವಾ, ನಿನ್ನ ಅರಿವಿ ಗಂಟು ಕಟ್ಟಕೋ" ಎಂದಳು. ಪಾರೂ ಎದ್ದು ತಾಯಿಯ ಸೀರೆ ಹಿಡಿದುಕೊಂಡಿತು. ಅಷ್ಟು ತಿಂಗಳಲ್ಲಿ ಅಂಬವ್ವ ನಕ್ಕದ್ದನ್ನು ನಾನು ನೋಡಿದ್ದು ಆಗ ಮಾತ್ರ. ಆ ನಗುವಿನಲ್ಲೇ ಅವಳು ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಗಂಗಕ್ಕಾ, ನಿನ್ನ ಮುಯ್ಯಿ ನಮ್ಮ ಮನಿ ಮ್ಯಾಲ ಐತಿ. ಮಗಳ ಲಗ್ನಕ್ಕ ರೊಟ್ಟಿ ಬಡ್ಯಾಕ ನಾ ಬರ್ತೀನಿ."

ಓಣಿಯ ಹೆಂಗಸೊಬ್ಬಳು ನಾಗವ್ವನ ಮುಖ ನೋಡಿದಳು. ನಾಗವ್ವ ಗಂಗವ್ವನ ಕಡೆ ತಿರುಗಿದಳು.

"ಯಾವ ಊರವಾ ನಿಂದು?"

"ಮಲ್ಲಸಮುದ್ರರೀ."

"ಮಲ್ಲಸಮುದ್ರದಾಗ ಯಾ ಕಡೆ?"

ಗಂಗವ್ವ ರೊಟ್ಟಿಯನ್ನು ಮಡಿಲಲ್ಲಿ ಇಟ್ಟಳು. "ಗಾಳಿ ಊರ ದಾಟಿ ಆಮ್ಯಾಗ ಬರತೈತಲ್ರಿ, ಆ ಕಡೆ" ಎಂದಳು.

ಪಡುವಣ ಗಾಳಿ ಮೊದಲು ಊರನ್ನು ಮುಟ್ಟುತ್ತದೆ, ಊರನ್ನು ದಾಟಿ ಕೇರಿಯನ್ನು ಮುಟ್ಟುತ್ತದೆ. ನಮ್ಮ ಕಡೆಯ ಊರುಗಳನ್ನು ಹಾಗೇ ಕಟ್ಟಿದ್ದಾರೆ. ನಾಗವ್ವನಿಗೆ ಮತ್ತೇನೂ ಕೇಳಬೇಕಾಗಲಿಲ್ಲ. ತನ್ನ ಅಂಗೈ ನೋಡಿಕೊಂಡಳು. ಗಂಜಿ ಅದರ ಮೇಲೆ ಒಣಗಿ ಬಿರುಕು ಬಿಟ್ಟಿತ್ತು.

ಅವಳು ಕೂಗಾಡಲಿಲ್ಲ. ಸೊಸೆಯ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, ಬೇಡಿಕೊಳ್ಳುವವಳ ಹಾಗೆಯೇ ಹೇಳಿದಳು: "ನಗ್ಯಾಡಾಕ ಅಂದೆ ಅನ್ನು."

ನಾನು ಗೋಡೆ ಬಿಟ್ಟು ಮುಂದೆ ಬಂದೆ. ಈಗ ಕಾಯ್ದೆ ಇದೆ, ಹಾಗೆಲ್ಲ ಭೇದ ಮಾಡುವ ಹಾಗಿಲ್ಲ, ನೀವೂ ಒಂದೇ ಗಡಿಗೆಯಲ್ಲಿ ಕೈ ಅದ್ದಿದಿರಲ್ಲ ಎಂದು ನನಗೆ ತೋಚಿದ್ದನ್ನೆಲ್ಲ ಹೇಳಿದೆ.

"ಕಾಯ್ದೆ ಬಂದು ನಮ್ಮ ಹಾಸು ಹಿಡೀತತೇನ್ರಿ ಅಕ್ಕಾರ?" ಎಂದಳು ನಾಗವ್ವ. "ಗಂಜಿ ಹಚ್ಚಿದ್ದು ಹೋಗಲಿ, ಗೊತ್ತಿದ್ದಿಲ್ಲ. ಮುಯ್ಯಿ ಅಂದ್ರ ಮನಿ ಮ್ಯಾಲ ಬರತೈತಿ. ಈಕಿ ಅಲ್ಲಿ ಹೋಗಿ ರೊಟ್ಟಿ ಬಡದು, ಉಂಡು ಬಂದ್ಲಂದ್ರ, ನಾಳೆ ನಮ್ಮ ಹಾಸಿಗೆ ಓಣ್ಯಾಗಿಂದ ಯಾರ ಬರ್ತಾರ? ಮಗ್ಗ ನಿಲ್ಲತೈತಿ. ನಾ ಒಬ್ಬಾಕಿ ಹೂಂ ಅಂದ್ರ ಆಗೂ ಮಾತೇನ್ರಿ ಇದು?"

ಓಣಿಯ ಹೆಂಗಸರಿಬ್ಬರೂ ಅಲ್ಲೇ ನಿಂತಿದ್ದರು. ಅವರು ಕೇಳಿಸಿಕೊಂಡಿದ್ದರು, ಅಷ್ಟೇ. ಅಷ್ಟೇ ಸಾಕಿತ್ತು.

ಗಂಗವ್ವ ಎದ್ದು ಬಂದು, ಅಂಬವ್ವನನ್ನು ಮುಟ್ಟದೆ ಸ್ವಲ್ಪ ದೂರದಲ್ಲೇ ನಿಂತು ಹೇಳಿದಳು: "ಬಿಡು ತಂಗಿ. ನನಗ ಮುಯ್ಯಿ ಬ್ಯಾಡ. ಕೂಸಿನ ಮಾರಿ ನೋಡು, ನಗ್ಯಾಡಾಕ ಅಂದೆ ಅಂದುಬಿಡು."

ಅಂಬವ್ವ ಕೂಸಿನ ಮುಖ ನೋಡಿದಳು. ನೋಡಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಬಹಳ ಹೊತ್ತು ನೋಡಿದಳು.

"ಆಕಿ ಕೈ ಹಚ್ಚಿದ್ದು ಖರೆ ಐತಿ ಅತ್ತಿ," ಎಂದಳು. "ಮುಯ್ಯಿನೂ ಖರೆ."

ಹಾಸನ್ನು ಬಿಚ್ಚಿ ಸುತ್ತಿದರು. ನಾಗವ್ವ ಮಗುವಿನ ಬೆರಳುಗಳನ್ನು ಅಂಬವ್ವನ ಸೀರೆಯಿಂದ ಬಿಡಿಸಿ ಎತ್ತಿಕೊಂಡಳು. ಓಣಿಯ ಹೆಂಗಸರು ಹಾಸನ್ನು ಹೆಗಲಿಗೇರಿಸಿದರು. ಗೇಟಿನ ತನಕ ಹೋದ ನಾಗವ್ವ ತಿರುಗಿ ಬಂದು, ರೊಟ್ಟಿ ಕಟ್ಟಿ ತಂದಿದ್ದ ಬಟ್ಟೆಯನ್ನು ನೆಲಕ್ಕೆ ಬಿಟ್ಟು ಹೋದಳು. ಗಂಜಿ ಕುಡಿದ ಹಾಸನ್ನು ಮಾತ್ರ ಬಿಟ್ಟು ಹೋಗಲಿಲ್ಲ.

ಆ ರಾತ್ರಿಯೂ ಆಮೇಲೆ ಬಹಳ ದಿನವೂ ನನ್ನ ವಿದ್ಯೆಯನ್ನು ನಾನು ಮತ್ತೆ ಮತ್ತೆ ಓದಿಕೊಂಡೆ. ಎಲ್ಲಿ ತಪ್ಪಿತೆಂದು ಸಿಗಲಿಲ್ಲ. ಮೂರು ಮೆಟ್ಟಿಲೂ ಸರಿಯಾಗಿದ್ದವು. ಗುಂಪು ತನ್ನ ಕಟ್ಟಳೆ ತಾನು ಮಾಡಿಕೊಂಡಿತ್ತು, ರೋಗಿ ಅದಕ್ಕೆ ನಿಲ್ಲಲು ಕಲಿತಿದ್ದಳು. ಹೊರಗೆ ಇನ್ನೊಂದು ಗುಂಪು ಅದಕ್ಕಿಂತ ಹಳೆಯ ಕಟ್ಟಳೆ ಇಟ್ಟುಕೊಂಡು ಕಾದಿರುತ್ತದೆ, ಅದರಲ್ಲೂ ಹಾಸಿನ ಎರಡೂ ಮಗ್ಗುಲಿಗೆ ಜನ ಎದುರುಬದುರು ನಿಂತಿರುತ್ತಾರೆ, ಒಬ್ಬರು ತಪ್ಪಿದರೆ ಅಲ್ಲೂ ಎಲ್ಲ ಕೆಡುತ್ತದೆ ಎಂಬುದು ಪಾಠದಲ್ಲಿ ಇರಲಿಲ್ಲ. ಡಾಕ್ಟರರಿಗೆ ಹೇಳಿದೆ. "ಕೈ ಬಂತಲ್ಲ? ನಮ್ಮ ಕೆಲಸ ಮುಗೀತು," ಎಂದರು. ಮಂಚ ಇನ್ನೊಬ್ಬರಿಗೆ ಬೇಕಾಗಿತ್ತು.

ಏಕೀಕರಣ ಆ ಸಲ ದೀಪಾವಳಿಯ ಹೊತ್ತಿಗೇ ಬಂತು. ಗದಗಿನಲ್ಲಿ ಯಾವ ದೀಪ ಹಬ್ಬದ್ದು, ಯಾವುದು ರಾಜ್ಯದ್ದು ಎಂದು ಹೇಳಲಾಗುತ್ತಿರಲಿಲ್ಲ. ಮುಂಡರಗಿ, ಶಿರಹಟ್ಟಿಯ ಕಡೆಯಿಂದಲೂ ಜನ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ನನಗೂ ಸಂತೋಷವಾಗಿತ್ತು, ಸುಳ್ಳು ಹೇಳಲಾರೆ; ಕಾಲೇಜಿನ ದಿನಗಳಲ್ಲಿ ಅದಕ್ಕಾಗಿ ನಾವೂ ಕೂಗುತ್ತ ನಡೆದವರೇ. ಆಸ್ಪತ್ರೆಯ ಅಂಗಳದಲ್ಲೂ ಒಂದು ಸಭೆ ಆಯಿತು, ಅದೇ ಎರಡು ಬೇವಿನ ಮರಗಳ ನಡುವೆ ಹಂದರ ಹಾಕಿ. ಡಾಕ್ಟರರು ಮಾತಾಡಿದರು. ಹರಿದು ಹಂಚಿಹೋದ ಅಂಗಗಳು ಕೂಡಿ ಒಂದು ದೇಹವಾಯಿತು, ಇನ್ನು ನಮ್ಮಲ್ಲಿ ಹೊರಗಿನವರು ಎಂಬುವರು ಯಾರೂ ಇಲ್ಲ ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಡಾಕ್ಟರರ ಹೆಂಡತಿ ನನ್ನ ಪಕ್ಕದಲ್ಲಿ ಹೊಸ ಸೀರೆ ಉಟ್ಟು ಕೂತಿದ್ದರು, ಮೆಣಸಿನಕಾಯಿ ಕೆಂಪಿನದು, ದಪ್ಪ ಅಂಚಿನದು. ಎಲ್ಲಿಯದೆಂದು ಕೇಳಿದೆ. ನಾಗವ್ವನ ಮನೆಯದು, ಮಗ್ಗದಿಂದ ಆಗಷ್ಟೇ ಇಳಿದದ್ದು ಎಂದರು. ಬಟ್ಟೆ ಎಷ್ಟು ಒತ್ತಾಗಿದೆ ನೋಡಿರೆಂದು ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟರು. ಒತ್ತಾಗಿತ್ತು.

ಅಂಬವ್ವ ಆಗ ಮಲ್ಲಸಮುದ್ರದಲ್ಲಿದ್ದಳು. ಗಂಗವ್ವ ಬೇಡ ಬೇಡವೆಂದರೂ ಹೋಗಿ, ಲಗ್ನದ ರೊಟ್ಟಿ ಬಡಿದಳು. ಕೇರಿಯವರೂ ಅವಳನ್ನು ಸುಮ್ಮನೆ ಸೇರಿಸಿಕೊಳ್ಳಲಿಲ್ಲ. ಮುಯ್ಯಿ ತೀರಿಸಿದವಳನ್ನು ಉಣಿಸಿದರು, ಇರಿಸಿಕೊಳ್ಳುವುದು ಬೇರೆ ಮಾತು. ನಾಗವ್ವ ಹೇಳಿದಂತೆ ಮಾಡಿದಳು. ಹೊಸ ಸೊಸೆ ಬಂದಳು.

ಚಳಿಗಾಲಕ್ಕೆ ಜಿನ್ನು ಶುರುವಾಯಿತು. ಅಲ್ಲಿ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ಒಂದು ದಿನ ನನ್ನನ್ನು ಹುಡುಕಿಕೊಂಡು ಬಂದ. ಗಂಗವ್ವ ತನ್ನ ಜಾಗಕ್ಕೆ ಒಬ್ಬಳನ್ನು ಕಳಿಸಿದ್ದಾಳೆ, ಅವಳ ಕೈ ನೀವೇ ನೋಡಿದ್ದಂತೆ, ಸರಿ ಇದೆಯೇ ಎಂದು ಕೇಳಿದ. ಹಿಡಿತ ಅಷ್ಟಿಷ್ಟು ಬಂದಿದೆ, ಆದರೆ ಮೂರು ಬೆರಳಿಗೆ ಸ್ಪರ್ಶವಿಲ್ಲ, ಉರುಳೆಯ ಹತ್ತಿರ ಬಿಡಬೇಡಿರಿ, ಸಿಕ್ಕರೂ ಅವಳಿಗೆ ಗೊತ್ತಾಗುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ.

"ಗೊತ್ತಾದ್ರ ಏನ್ ಮಾಡ್ತಾರ್ರಿ 'ಯವ್ವಾ' ಅನ್ನೂದು ಬಿಟ್ಟು?" ಎಂದ ಅವನು. "ಹಿಡ್ಯಾಕ ಬಂದ್ರ ಸಾಕು."

ನಾನು ಮರುವರ್ಷ ಆ ಕೆಲಸ ಬಿಟ್ಟೆ. ಬಿಡುವ ಮುಂಚೆ ಜಿನ್ನಿನ ಹತ್ತಿರ ಎರಡು ಸಲ ಹೋಗಿದ್ದೆ. ಸಂಜೆ ಜಿನ್ನು ಬಿಟ್ಟ ಹೊತ್ತಿಗೆ ಹೆಂಗಸರೆಲ್ಲ ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ ಅರಳೆ ಮೆತ್ತಿಕೊಂಡು ಒಂದೇ ವಯಸ್ಸಿನವರ ಹಾಗೆ ಹೊರಗೆ ಬರುತ್ತಿದ್ದರು. ಅಂಬವ್ವನನ್ನು ಗುರುತಿಸಿದೆನೋ ಇಲ್ಲವೋ ಈಗಲೂ ಖಾತ್ರಿಯಿಲ್ಲ.

ಕಳೆದ ತಿಂಗಳು ಕಟ್ಟೆಯ ಪಕ್ಕ ನಿಂತಿದ್ದ ನನ್ನ ಮುಂದೆ ಓಣಿಯ ಉದ್ದಕ್ಕೂ ಹಾಸು ಕಟ್ಟಿತ್ತು. ಎರಡೂ ಮಗ್ಗುಲಿಗೆ ಓಣಿಯವರು ನಿಂತಿದ್ದರು. ಆ ತುದಿಗೆ ನಾಗವ್ವ, ಕಣ್ಣು ಮಂಜಾಗಿರಬೇಕು, ಸ್ಟೂಲಿನ ಮೇಲೆ ಕೂತು ಬರೀ ಬಾಯಿಂದ ಕೆಲಸ ನಡೆಸುತ್ತಿದ್ದಳು. ನನ್ನ ಹತ್ತಿರದ ತುದಿಯಲ್ಲಿ ಒಂಬತ್ತರ ಆಸುಪಾಸಿನ ಹುಡುಗಿ ಹರಿದ ಎಳೆಗಳನ್ನು ಕೂಡಿಸುತ್ತ ಬರುತ್ತಿದ್ದಳು. ಬೈತಲೆ, ಗದ್ದ ತಾಯಿಯದೇ. ನಾನು ಮುಖವನ್ನು ಬಹಳ ನೋಡಲಿಲ್ಲ. ಕೈ ನೋಡಿದೆ. ಎಳೆಯನ್ನು ಬಲಗೈಯ ಉಂಗುರದ ಬೆರಳಿಗೂ ಕಿರುಬೆರಳಿಗೂ ನಡುವೆ ಸಿಕ್ಕಿಸಿ ಎಡಗೈಯಲ್ಲಿ ಹೊಸೆಯುತ್ತಿದ್ದಳು. ಐದು ಬೆರಳೂ ಸರಿ ಇರುವ ಕೈ. ಎದುರಿಗಿದ್ದ ಹೆಂಗಸರಲ್ಲಿ ಯಾರೂ ಹಾಗೆ ಹಿಡಿದಿರಲಿಲ್ಲ.

"ಪಾರೂ," ಎಂದೆ. ತಲೆ ಎತ್ತಿದಳು. "ಹಂಗ ಹಿಡ್ಯಾಕ ಯಾರ ಕಲಿಸಿದ್ರು ನಿನಗ?"

ಅವಳು ಒಮ್ಮೆ ಆ ತುದಿಯ ಕಡೆ, ಅಜ್ಜಿ ಕೂತಲ್ಲಿಗೆ ನೋಡಿದಳು.

"ಯಾರೂ ಇಲ್ರಿ" ಎಂದಳು. ಎಂದು, ಎಳೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ಬದಲಿಸಿಕೊಂಡಳು.